ಬೇಡದಾಗ ಮನೆಗೇ ಬಂದ ನೀರು, ಬೇಕಾದಾಗ ನಲ್ಲಿಗೂ ಬಾರದ ನೀರು: ಪುಣೆಯ ಸಿಂಹಗಡ ರಸ್ತೆಯಲ್ಲಿ ಎಡವಿದ್ದೆಲ್ಲಿ?

2024ರ ಜುಲೈನಲ್ಲಿ ನೆರೆ. ಆರು ತಿಂಗಳ ನಂತರ ಕಲುಷಿತ ನೀರಿನ ಜತೆ ತಳಕು ಹಾಕಿಕೊಂಡ ಜಿಬಿಎಸ್ ಕಾಯಿಲೆ. ಎರಡೂ ನಡೆದದ್ದು ಪುಣೆಯ ಒಂದೇ ರಸ್ತೆಯ ಆಸುಪಾಸಿನಲ್ಲಿ. ಇದು ಕಾಕತಾಳೀಯವೇ? ಮುಠಾ ನದಿ ದಂಡೆಯ ಈ ಬಡಾವಣೆಗಳ ಕಥೆ ಬೆಂಗಳೂರಿಗೂ ಭೀಮಾ ತೀರಕ್ಕೂ ಯಾಕೆ ಮುಖ್ಯ? ಇಲ್ಲಿದೆ ವಿಶ್ಲೇಷಣೆ.

2024ರ ಜುಲೈ 25ರ ನಸುಕು. ಪುಣೆಯ ಸಿಂಹಗಡ ರಸ್ತೆಯ ಏಕತಾ ನಗರಿಯಲ್ಲಿ ಜನ ಎದ್ದು ನೋಡುವಷ್ಟರಲ್ಲಿ ಮುಠಾ ನದಿಯ ನೀರು ಕಟ್ಟಡಗಳ ಪಾರ್ಕಿಂಗ್ ಜಾಗಕ್ಕೆ ನುಗ್ಗಿತ್ತು. ನೆಲಮಹಡಿಯ ಮನೆಗಳಿಗೆ ನೀರು ಹೊಕ್ಕಿತು. ಬೈಕು, ಕಾರುಗಳು ಮುಳುಗಿದವು. ನಿವಾಸಿಗಳನ್ನು ದೋಣಿಗಳಲ್ಲಿ ಹೊರತರಲಾಯಿತು, ಸೇನೆಯ ತುಕಡಿಯನ್ನೂ ಕರೆಸಬೇಕಾಯಿತು. ಅದೇ ದಿನ ಬೆಳಗಿನ ಜಾವ ನಗರದ ಮಧ್ಯಭಾಗದ ಡೆಕ್ಕನ್ ಪ್ರದೇಶದಲ್ಲಿ, ನದಿಯಂಚಿನಲ್ಲಿ ವಿದ್ಯುತ್ ಆಘಾತಕ್ಕೆ ಮೂವರು ಬಲಿಯಾದರು.

ಜಲಾನಯನ ಪ್ರದೇಶದಲ್ಲಿ ಭಾರಿ ಮಳೆಯಾಗಿತ್ತು, ಖಡಕ್‌ವಾಸ್ಲಾ ಅಣೆಕಟ್ಟಿನಿಂದ 35 ಸಾವಿರ ಕ್ಯುಸೆಕ್ ಆಸುಪಾಸಿನಲ್ಲಿ ನೀರು ಬಿಡಲಾಗಿತ್ತು. ನಿವಾಸಿಗಳ ಪ್ರಶ್ನೆ ಒಂದೇ ಆಗಿತ್ತು: 'ನಮಗೆ ಮೊದಲೇ ಯಾಕೆ ಹೇಳಲಿಲ್ಲ?' ನೀರು ಬಿಡುವುದು ರಾಜ್ಯದ ಜಲಸಂಪನ್ಮೂಲ ಇಲಾಖೆ. ಜನರನ್ನು ಎಚ್ಚರಿಸಿ ಸ್ಥಳಾಂತರಿಸಬೇಕಾದ್ದು ಪುಣೆ ಮಹಾನಗರ ಪಾಲಿಕೆ (ಪಿಎಂಸಿ). ಇಬ್ಬರ ನಡುವೆ ಮಾಹಿತಿ ಯಾವಾಗ, ಯಾರಿಗೆ ತಲುಪಿತು ಎಂಬುದೇ ನಂತರದ ದಿನಗಳಲ್ಲಿ ವಾಗ್ವಾದದ ವಿಷಯವಾಯಿತು.

ಆಗಸ್ಟ್ ಮೊದಲ ವಾರದಲ್ಲಿ ನೀರು ಮತ್ತೆ ಬಂತು. ಆಗಿನ ಮುಖ್ಯಮಂತ್ರಿ ಏಕನಾಥ್ ಶಿಂಧೆ ಸ್ಥಳಕ್ಕೆ ಭೇಟಿ ಕೊಟ್ಟರು. 2025ರ ಆಗಸ್ಟ್‌ನಲ್ಲೂ ಖಡಕ್‌ವಾಸ್ಲಾದ ಹೊರಹರಿವು ಹೆಚ್ಚಿದಾಗ ಇದೇ ಭಾಗದ ಜನರನ್ನು ಮನೆಯಿಂದ ಹೊರಗೆ ಕಳಿಸಬೇಕಾಯಿತು. ಅಂದರೆ ಇದು ಒಂದು ರಾತ್ರಿಯ ಅವಘಡವಲ್ಲ, ಪ್ರತಿ ಮಳೆಗಾಲದ ಚಿಂತೆ.

ಅಣೆಕಟ್ಟು ಚಿಕ್ಕದು, ಹೊಣೆ ದೊಡ್ಡದು

ಪುಣೆಯ ನೀರಿನ ಲೆಕ್ಕ ಅರ್ಥವಾಗಬೇಕಾದರೆ ನಾಲ್ಕು ಜಲಾಶಯಗಳನ್ನು ನೋಡಬೇಕು. ವರಸ್‌ಗಾಂವ್ 12.82 ಟಿಎಂಸಿ, ಪಾನ್‌ಶೇತ್ 10.65 ಟಿಎಂಸಿ, ಟೆಮ್‌ಘರ್ 3.71 ಟಿಎಂಸಿ ಮತ್ತು ಖಡಕ್‌ವಾಸ್ಲಾ 1.97 ಟಿಎಂಸಿ. ಒಟ್ಟು ಸಾಮರ್ಥ್ಯ ಸುಮಾರು 29.15 ಟಿಎಂಸಿ. ನಗರಕ್ಕೆ ಅತ್ಯಂತ ಹತ್ತಿರ ಇರುವ, ಕೊನೆಯ ಜಲಾಶಯ ಖಡಕ್‌ವಾಸ್ಲಾವೇ. ಮೇಲಿನ ಮೂರರ ನೀರೂ ಇದರ ಮೂಲಕವೇ ಕೆಳಗೆ ಇಳಿಯಬೇಕು. ಆದರೆ ನಾಲ್ಕರಲ್ಲಿ ಅತಿ ಚಿಕ್ಕದೂ ಇದೇ.

ಸಣ್ಣ ಲೆಕ್ಕವೊಂದನ್ನು ಮಾಡಿ ನೋಡಿ. 35 ಸಾವಿರ ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 10 ಲಕ್ಷ ಲೀಟರ್. 10 ಸಾವಿರ ಲೀಟರ್ ಹಿಡಿಯುವ ಟ್ಯಾಂಕರ್ ಲೆಕ್ಕದಲ್ಲಿ ಪ್ರತಿ ಸೆಕೆಂಡಿಗೆ ನೂರು ಟ್ಯಾಂಕರ್ ನೀರು. ಈ ವೇಗದಲ್ಲಿ ತುಂಬಿದ ಖಡಕ್‌ವಾಸ್ಲಾ ಖಾಲಿಯಾಗಲು 16 ಗಂಟೆಯೂ ಬೇಡ. ತಿರುಗಿಸಿ ಹೇಳುವುದಾದರೆ, ಇಷ್ಟೇ ನೀರು ಒಳಗೆ ಬರುತ್ತಿದ್ದರೆ ಅದನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಈ ಜಲಾಶಯಕ್ಕೆ ಇಲ್ಲ. ಬಂದದ್ದನ್ನು ಬಂದಂತೆ ಬಿಡಬೇಕು. ಹಾಗಾಗಿ ಕೆಳಗಿನ ಬಡಾವಣೆಗೆ ಸಿಗುವ ಸಮಯ ದಿನಗಳಲ್ಲಿ ಅಲ್ಲ, ಗಂಟೆಗಳಲ್ಲಿ.

ಈ ನದಿ ಏನು ಮಾಡಬಲ್ಲದು ಎಂಬುದು ಪುಣೆಗೆ ಹೊಸ ವಿಷಯವೂ ಅಲ್ಲ. 1961ರ ಜುಲೈ 12ರಂದು ನಿರ್ಮಾಣ ಹಂತದಲ್ಲಿದ್ದ ಪಾನ್‌ಶೇತ್ ಅಣೆಕಟ್ಟು ಒಡೆಯಿತು, ಅದರ ಹೊಡೆತಕ್ಕೆ ಖಡಕ್‌ವಾಸ್ಲಾವೂ ಒಡೆಯಿತು. ನದಿ ದಂಡೆಯ ಹಳೇ ಪೇಟೆಗಳು ಕೊಚ್ಚಿಹೋದವು. ಇಂದಿಗೂ ಪುಣೆಯ ಹಿರಿಯರ ಬಾಯಲ್ಲಿ ಅದು 'ಪಾನ್‌ಶೇತ್ ನೆರೆ'. ಆ ನೆನಪು ಇರುವ ಊರಿನಲ್ಲೇ, ಅದೇ ಅಣೆಕಟ್ಟಿನ ಕೆಳಗೆ ನದಿಗೆ ಅಂಟಿಕೊಂಡು ಬಡಾವಣೆಗಳು ಎದ್ದವು.

ನಕ್ಷೆಯ ಮೇಲಿನ ಎರಡು ಗೆರೆ

ಮಹಾರಾಷ್ಟ್ರದಲ್ಲಿ ನದಿ ಪಕ್ಕದ ನಿರ್ಮಾಣಕ್ಕೆ ಎರಡು ಗೆರೆಗಳ ನಿಯಮವಿದೆ. 25 ವರ್ಷಕ್ಕೊಮ್ಮೆ ಬರಬಹುದಾದ ನೆರೆ ಎಲ್ಲಿಯವರೆಗೆ ತಲುಪುತ್ತದೋ ಅದು ನೀಲಿ ರೇಖೆ. 100 ವರ್ಷಕ್ಕೊಮ್ಮೆ ಬರಬಹುದಾದ ನೆರೆಯ ಅಂಚು ಕೆಂಪು ರೇಖೆ. ನೀಲಿ ರೇಖೆಯೊಳಗೆ ಕಟ್ಟಡಕ್ಕೆ ಅವಕಾಶವಿಲ್ಲ. ನೀಲಿ ಮತ್ತು ಕೆಂಪು ರೇಖೆಗಳ ನಡುವೆ ಷರತ್ತುಗಳೊಂದಿಗೆ ಕಟ್ಟಬಹುದು.

ಕೇಳಲು ಸರಳ. ಆದರೆ ಏಕತಾ ನಗರಿಯ ಉದಾಹರಣೆಯನ್ನು ಈ ನಿಯಮದ ಮುಂದೆ ಇಟ್ಟು ನೋಡಿ. ಎರಡೇ ಸಾಧ್ಯತೆ ಇವೆ.

ಒಂದು, ನೀರು ಹೊಕ್ಕ ಮನೆಗಳು ನೀಲಿ ರೇಖೆಯ ಒಳಗಿವೆ. ಹಾಗಿದ್ದರೆ ಅಲ್ಲಿ ಕಟ್ಟಡ ಏಳುವಾಗ ತಡೆಯಬೇಕಾದವರು ಎಲ್ಲಿದ್ದರು? ವಿದ್ಯುತ್, ನಲ್ಲಿ ಸಂಪರ್ಕ ಕೊಟ್ಟವರು, ವರ್ಷವರ್ಷವೂ ಆಸ್ತಿ ತೆರಿಗೆ ಪಡೆದವರು ಯಾರು?

ಎರಡು, ಮನೆಗಳು ನೀಲಿ ರೇಖೆಯ ಹೊರಗಿವೆ. ಹಾಗಿದ್ದರೆ 25 ವರ್ಷಕ್ಕೊಮ್ಮೆ ಬರಬೇಕಾದ ನೀರು ಒಂದೇ ಮಳೆಗಾಲದಲ್ಲಿ ಎರಡು ಸಲ ಮನೆ ಬಾಗಿಲಿಗೆ ಬಂದು, ಮರುವರ್ಷವೂ ಊರು ಬಿಡಿಸಿದ್ದು ಹೇಗೆ? ಅಂದರೆ ಗೆರೆಯೇ ತಪ್ಪು, ಇಲ್ಲವೇ ಗೆರೆ ಎಳೆದ ಮೇಲೆ ನದಿಯೇ ಬದಲಾಗಿದೆ.

ಎರಡರಲ್ಲಿ ಯಾವುದು ನಿಜವಾದರೂ ಸಾಲ ಮಾಡಿ ಫ್ಲ್ಯಾಟ್ ಕೊಂಡವರ ತಪ್ಪು ಅತಿ ಕಡಿಮೆ. ಆದರೆ ಪೂರ್ತಿ ನಷ್ಟ ಹೊತ್ತವರು ಅವರೇ.

ನದಿ ಬದಲಾಗಿದೆ ಎನ್ನುವುದು ಬರೀ ಊಹೆಯಲ್ಲ. ಮುಠಾ ಪಾತ್ರದಲ್ಲಿ ಮಣ್ಣು, ಕಟ್ಟಡದ ಅವಶೇಷ ಸುರಿಯುವುದರ ವಿರುದ್ಧ ಪುಣೆಯ ಪರಿಸರ ಹೋರಾಟಗಾರರು ವರ್ಷಗಳಿಂದ ದೂರುತ್ತಿದ್ದಾರೆ. ಇದೇ ಸಿಂಹಗಡ ರಸ್ತೆಯ ವಿಠ್ಠಲವಾಡಿ ಬಳಿ ನದಿ ಪಾತ್ರದಲ್ಲಿ ಪಾಲಿಕೆಯೇ ಕೈಗೆತ್ತಿಕೊಂಡಿದ್ದ ರಸ್ತೆಯ ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತ್ತು. 2013ರಲ್ಲಿ ನ್ಯಾಯಮಂಡಳಿ ಪಾಲಿಕೆಯ ವಿರುದ್ಧ ಆದೇಶ ನೀಡಿತ್ತು. ಸಂಚಾರ ದಟ್ಟಣೆಗೆ ಪರಿಹಾರ ಹುಡುಕುತ್ತಾ ಪಾಲಿಕೆಯೇ ನದಿಗೆ ಇಳಿದಾಗ ಬಿಲ್ಡರ್‌ಗಳಿಗೆ ಬುದ್ಧಿ ಹೇಳುವವರು ಯಾರು?

ಸಿಂಹಗಡ ರಸ್ತೆಯ ಭೂಗೋಳವೂ ಹಾಗಿದೆ. ಒಂದು ಕಡೆ ನದಿ, ಇನ್ನೊಂದು ಕಡೆ ಖಡಕ್‌ವಾಸ್ಲಾದಿಂದ ಹೊರಡುವ ಮುಠಾ ಬಲದಂಡೆ ಕಾಲುವೆ ಮತ್ತು ಗುಡ್ಡ. ನಡುವಿನ ಪಟ್ಟಿಯಲ್ಲೇ ರಸ್ತೆ, ಅಪಾರ್ಟ್‌ಮೆಂಟ್, ಅಂಗಡಿ, ಶಾಲೆ ಎಲ್ಲವೂ. ಕಾಲುವೆಯ ಕಡೆಯೂ ನಿಶ್ಚಿಂತೆ ಇಲ್ಲ: 2018ರ ಸೆಪ್ಟೆಂಬರ್ 27ರಂದು, ಮಳೆಯಿಲ್ಲದ ದಿನ, ಇದೇ ಕಾಲುವೆಯ ಗೋಡೆ ಒಡೆದು ದಾಂಡೇಕರ್ ಸೇತುವೆ ಬಳಿಯ ಕೊಳೆಗೇರಿಗಳಿಗೆ ನೀರು ನುಗ್ಗಿತ್ತು. ಮರುವರ್ಷ, 2019ರ ಸೆಪ್ಟೆಂಬರ್ 25ರ ರಾತ್ರಿ, ನಗರದ ದಕ್ಷಿಣ ಭಾಗದಲ್ಲಿ ಅಂಬಿಲ್ ಓಢಾ ಎಂಬ ಹಳ್ಳ ಉಕ್ಕಿ ಹಲವರ ಜೀವ ಹೋಯಿತು. ನದಿ, ಕಾಲುವೆ, ಹಳ್ಳ – ಮೂರೂ ತಮ್ಮ ಜಾಗ ಎಲ್ಲಿದೆ ಎಂದು ಒಂದೊಂದು ಸಲ ತೋರಿಸಿವೆ.

ಅಣೆಕಟ್ಟಿನ ಪಕ್ಕದಲ್ಲೇ ಇದ್ದರೂ ಶುದ್ಧ ನೀರಿಲ್ಲ

ನೆರೆ ಇಳಿದು ಆರು ತಿಂಗಳಾಗಿತ್ತು. 2025ರ ಜನವರಿಯಲ್ಲಿ ಪುಣೆಯ ಆಸ್ಪತ್ರೆಗಳಿಗೆ ಕೈಕಾಲು ಬಲ ಕಳೆದುಕೊಂಡ ರೋಗಿಗಳು ಒಬ್ಬರ ಹಿಂದೆ ಒಬ್ಬರು ಬರತೊಡಗಿದರು. ಅದು ಗಿಲಿಯನ್ ಬಾರೆ ಸಿಂಡ್ರೋಮ್, ಅಂದರೆ ಜಿಬಿಎಸ್. ಸೋಂಕಿನ ವಿರುದ್ಧ ಹೋರಾಡಬೇಕಾದ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ನರಗಳ ಮೇಲೆ ದಾಳಿ ಮಾಡುವ ಸ್ಥಿತಿ ಇದು. ಸಾಮಾನ್ಯವಾಗಿ ವಿರಳವಾದ ಈ ಕಾಯಿಲೆಯ 200ಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ಕೆಲವೇ ವಾರಗಳಲ್ಲಿ ವರದಿಯಾದವು. ಸಾವುಗಳೂ ಸಂಭವಿಸಿದವು.

ಪ್ರಕರಣಗಳ ನಕ್ಷೆ ಹಾಕಿದಾಗ ದಟ್ಟವಾಗಿ ಕಂಡದ್ದು ಸಿಂಹಗಡ ರಸ್ತೆಯ ಭಾಗವೇ: ನಾಂದೇಡ್ ಗಾಂವ್, ಕಿರ್ಕಟ್‌ವಾಡಿ, ಧಾಯರಿ, ಖಡಕ್‌ವಾಸ್ಲಾ. ಕೆಲವು ರೋಗಿಗಳ ಮಾದರಿಗಳಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಜೆಜುನಿ ಬ್ಯಾಕ್ಟೀರಿಯಾ, ನೊರೊವೈರಸ್ ಪತ್ತೆಯಾದವು. ಇವು ಕಲುಷಿತ ನೀರು, ಆಹಾರದ ಮೂಲಕ ಹರಡುವಂಥವು. ಕೋಳಿ ಫಾರಂಗಳನ್ನೂ ಪರೀಕ್ಷಿಸಲಾಯಿತು, ಆದರೆ ಮುಖ್ಯವಾಗಿ ಬೆರಳು ತಿರುಗಿದ್ದು ಕುಡಿಯುವ ನೀರಿನ ಕಡೆ.

ಇಲ್ಲಿರುವ ವಿಪರ್ಯಾಸ ಗಮನಿಸಿ. ಪುಣೆಯ ಬಹುಭಾಗ ಕುಡಿಯುವ ನೀರಿನ ಜಲಾಶಯ ಈ ಊರುಗಳ ಪಕ್ಕದಲ್ಲೇ ಇದೆ. ಆದರೆ ಇಲ್ಲಿನ ಹಲವು ಭಾಗಗಳಿಗೆ ಪೂರ್ಣ ಪ್ರಮಾಣದ ಶುದ್ಧೀಕರಣ ಘಟಕದಲ್ಲಿ ಹಾದುಬಂದ ನೀರು ಸಿಗುತ್ತಿರಲಿಲ್ಲ. ಬಾವಿ ನೀರಿಗೆ ಕ್ಲೋರಿನ್ ಬೆರೆಸಿ ಬಿಡಲಾಗುತ್ತಿತ್ತು. ಸಾಲದ್ದಕ್ಕೆ ಖಾಸಗಿ ಟ್ಯಾಂಕರ್, ಬೋರ್‌ವೆಲ್, ಖಾಸಗಿ ಆರ್‌ಒ ಘಟಕಗಳ ಕ್ಯಾನ್ ನೀರು. ಕಾಯಿಲೆ ಹರಡಿದ ಮೇಲೆ ಟ್ಯಾಂಕರ್ ತುಂಬುವ ಜಾಗಗಳು, ಆರ್‌ಒ ಘಟಕಗಳ ತಪಾಸಣೆ ಶುರುವಾಯಿತು. ತಪಾಸಣೆ ಆಗಬೇಕಾಗಿದ್ದು ಮೊದಲೇ ಎಂದು ಬೇರೆ ಹೇಳಬೇಕಿಲ್ಲ.

ಊರು ಸೇರಿತು, ಸೌಕರ್ಯ ಸೇರಲಿಲ್ಲ

ಈ ಪರಿಸ್ಥಿತಿ ಬಂದದ್ದು ಹೇಗೆ? ಉತ್ತರ ಎರಡು ದಿನಾಂಕಗಳಲ್ಲಿದೆ. 2017ರ ಅಕ್ಟೋಬರ್‌ನಲ್ಲಿ 11 ಹಳ್ಳಿಗಳು ಪಿಎಂಸಿಗೆ ಸೇರಿದವು, ಧಾಯರಿ ಅವುಗಳಲ್ಲೊಂದು. 2021ರ ಜೂನ್ 30ರಂದು ಇನ್ನೂ 23 ಹಳ್ಳಿಗಳು ಸೇರಿದವು. ನಾಂದೇಡ್, ಕಿರ್ಕಟ್‌ವಾಡಿ, ಖಡಕ್‌ವಾಸ್ಲಾ ಈ ಪಟ್ಟಿಯಲ್ಲಿದ್ದವು. ಪಾಲಿಕೆಯ ವ್ಯಾಪ್ತಿ 500 ಚದರ ಕಿ.ಮೀ. ದಾಟಿತು, ವಿಸ್ತೀರ್ಣದಲ್ಲಿ ಪುಣೆ ಮುಂಬೈಯನ್ನೇ ಹಿಂದಿಕ್ಕಿತು.

ಆದರೆ 23 ಹಳ್ಳಿಗಳು ಪಾಲಿಕೆಗೆ ಸೇರಿದ ಕೆಲವೇ ದಿನಗಳಲ್ಲಿ ರಾಜ್ಯ ಸರ್ಕಾರ ಆ ಹಳ್ಳಿಗಳ ಯೋಜನಾ ಪ್ರಾಧಿಕಾರದ ಹೊಣೆಯನ್ನು ಪಿಎಂಆರ್‌ಡಿಎಗೆ, ಅಂದರೆ ಪುಣೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೆ ವಹಿಸಿತು. ಸರಳವಾಗಿ ಹೇಳುವುದಾದರೆ ಬಡಾವಣೆ ಹೇಗಿರಬೇಕು ಎಂದು ಯೋಜಿಸುವವರು ಒಬ್ಬರು, ಅಲ್ಲಿಗೆ ನೀರು, ಚರಂಡಿ, ಕಸದ ವ್ಯವಸ್ಥೆ ಕೊಡಬೇಕಾದವರು ಇನ್ನೊಬ್ಬರು. ಇದರ ಮೇಲೆ ನದಿಗೆ ನೀರು ಬಿಡುವವರು ಮತ್ತೊಬ್ಬರು. ಮೂರೂ ಕಚೇರಿಗಳು ತಮ್ಮ ತಮ್ಮ ಕೆಲಸ ಸರಿಯಾಗಿ ಮಾಡಿದ್ದೇವೆ ಎಂದು ಹೇಳಬಹುದು. ಆದರೂ ಬಡಾವಣೆ ಮುಳುಗಬಹುದು, ಬಾಯಾರಬಹುದು.

ಕೇಳುವವರೂ ಇರಲಿಲ್ಲ. ಪಿಎಂಸಿಯ ಚುನಾಯಿತ ಸದಸ್ಯರ ಅವಧಿ 2022ರ ಮಾರ್ಚ್‌ನಲ್ಲೇ ಮುಗಿದಿತ್ತು. 2024ರ ನೆರೆ ಬಂದಾಗ, 2025ರ ಜಿಬಿಎಸ್ ಹರಡಿದಾಗ ಪಾಲಿಕೆಯನ್ನು ನಡೆಸುತ್ತಿದ್ದದ್ದು ಆಡಳಿತಾಧಿಕಾರಿ. ರಾತ್ರಿ ಮೂರು ಗಂಟೆಗೆ ಫೋನ್ ಮಾಡಲು ಒಬ್ಬ ವಾರ್ಡ್ ಸದಸ್ಯನೂ ಇಲ್ಲದ ಬಡಾವಣೆಗೆ ಎಚ್ಚರಿಕೆ ತಲುಪದಿದ್ದರೆ ಅದರಲ್ಲಿ ಆಶ್ಚರ್ಯವೇನಿದೆ? ಕೊನೆಗೂ 2026ರ ಜನವರಿಯಲ್ಲಿ ಚುನಾವಣೆ ನಡೆಯಿತು.

ಹಣ ಹರಿದದ್ದು ಎಲ್ಲಿಗೆ?

ಪುಣೆಯಲ್ಲಿ ನದಿಗೆಂದು ಹಣವೇ ಇಲ್ಲ ಎಂದೇನಿಲ್ಲ. ಎರಡು ದೊಡ್ಡ ಯೋಜನೆಗಳನ್ನು ನೋಡಿ:

* ಜಪಾನಿನ ಜೈಕಾ ನೆರವಿನ ಮುಳಾ-ಮುಠಾ ಮಾಲಿನ್ಯ ತಡೆ ಯೋಜನೆ. ಸುಮಾರು 990 ಕೋಟಿ ರೂ. ವೆಚ್ಚದಲ್ಲಿ 11 ಕೊಳಚೆ ನೀರು ಶುದ್ಧೀಕರಣ ಘಟಕಗಳನ್ನು ಕಟ್ಟಿ ದಿನಕ್ಕೆ 396 ದಶಲಕ್ಷ ಲೀಟರ್ ಶುದ್ಧೀಕರಿಸುವ ಗುರಿ. ಸಾಲದ ಒಪ್ಪಂದವಾಗಿದ್ದು 2016ರಲ್ಲಿ.

* ನದಿ ದಂಡೆ ಅಭಿವೃದ್ಧಿ ಯೋಜನೆ. ಮುಳಾ, ಮುಠಾ ಮತ್ತು ಮುಳಾ-ಮುಠಾ ಸೇರಿ ಸುಮಾರು 44 ಕಿ.ಮೀ. ಉದ್ದಕ್ಕೆ ದಂಡೆ, ನಡಿಗೆ ಪಥ, ಉದ್ಯಾನ. 2022ರ ಮಾರ್ಚ್ 6ರಂದು ಪ್ರಧಾನಿ ನರೇಂದ್ರ ಮೋದಿ ಶಂಕುಸ್ಥಾಪನೆ ನೆರವೇರಿಸಿದ್ದರು.

ಮೊದಲ ಯೋಜನೆಯ ಒಪ್ಪಂದದ ವರ್ಷ ನೋಡಿ: 2016. ಹಳ್ಳಿಗಳು ಪಾಲಿಕೆಗೆ ಸೇರಿದ್ದು 2017 ಮತ್ತು 2021ರಲ್ಲಿ. ಅಂದರೆ ಕೊಳಚೆ ನೀರಿನ ಲೆಕ್ಕ ಹಾಕಿದಾಗ ಇದ್ದ ಪುಣೆಯೇ ಬೇರೆ, ಇವತ್ತಿನ ಪುಣೆಯೇ ಬೇರೆ. ನಗರ ಯೋಜನೆಗಿಂತ ವೇಗವಾಗಿ ಬೆಳೆಯಿತು ಎನ್ನುವ ಮಾತು ಸಿಂಹಗಡ ರಸ್ತೆಯಲ್ಲಿ ಅಕ್ಷರಶಃ ನಿಜ.

ಎರಡನೇ ಯೋಜನೆಯ ಬಗ್ಗೆ ತಕರಾರು ಬೇರೆ. ದಂಡೆ ಕಟ್ಟುವುದರಿಂದ ನದಿ ಪಾತ್ರ ಇನ್ನಷ್ಟು ಕಿರಿದಾಗುತ್ತದೆ, ಮರಗಳು ಹೋಗುತ್ತವೆ ಎಂಬುದು ಪರಿಸರ ಹೋರಾಟಗಾರರ ಆತಂಕ. ನೆರೆ ತಡೆಯುವ ಉದ್ದೇಶವೂ ಯೋಜನೆಯಲ್ಲಿದೆ ಎಂಬುದು ಪಾಲಿಕೆಯ ವಾದ. ಆದರೆ ಏಕತಾ ನಗರಿಯ ನಿವಾಸಿಯ ಕಣ್ಣಿನಿಂದ ನೋಡಿದರೆ ಪ್ರಶ್ನೆ ಇನ್ನೂ ಸರಳ: ಕೊಳಚೆ ನದಿಗೆ ಸೇರುವುದು ನಿಲ್ಲುವ ಮೊದಲು, ಗೆರೆ ಸರಿಯಾಗುವ ಮೊದಲು, ನಡಿಗೆ ಪಥಕ್ಕೆ ಅವಸರವೇಕೆ?

ಸಿಂಹಗಡ ರಸ್ತೆಗೆ ಏನೂ ಸಿಕ್ಕಿಲ್ಲ ಎಂದೂ ಅಲ್ಲ. ಇಲ್ಲಿನ ವಾಹನ ದಟ್ಟಣೆ ತಗ್ಗಿಸಲು ಕಟ್ಟಿದ ಮೇಲ್ಸೇತುವೆ 2024 ಮತ್ತು 2025ರಲ್ಲಿ ಹಂತ ಹಂತವಾಗಿ ಸಂಚಾರಕ್ಕೆ ತೆರೆದುಕೊಂಡಿತು. ಟ್ರಾಫಿಕ್‌ನಲ್ಲಿ ದಿನವೂ ಒದ್ದಾಡುತ್ತಿದ್ದವರಿಗೆ ಅದು ನಿಜವಾದ ಅನುಕೂಲ. ಆದರೆ ಮೇಲ್ಸೇತುವೆ ಕಣ್ಣಿಗೆ ಕಾಣುತ್ತದೆ, ಉದ್ಘಾಟನೆಗೆ ಒದಗುತ್ತದೆ. ನೆಲದಡಿಯ ಕೊಳವೆ, ನೀರು ಶುದ್ಧೀಕರಣ ಘಟಕ, ನಕ್ಷೆಯ ಮೇಲಿನ ಗೆರೆ ಕಾಣುವುದಿಲ್ಲ. ಕಾಣದಿರುವುದು ಪಟ್ಟಿಯಲ್ಲಿ ಕೊನೆಗೆ ಹೋಗುತ್ತದೆ.

ಕನ್ನಡಿಗರಿಗೆ ಇದರಲ್ಲೇನಿದೆ?

ಮೊದಲನೆಯದಾಗಿ, ಪುಣೆ ನಮಗೆ ದೂರದ ಊರಲ್ಲ. ಉತ್ತರ ಕರ್ನಾಟಕದವರಿಗಂತೂ ಓದು, ಕೆಲಸ, ಆಸ್ಪತ್ರೆ, ಸಂಬಂಧ ಎಲ್ಲಕ್ಕೂ ಬೆಂಗಳೂರಿನಷ್ಟೇ ಪುಣೆಯೂ ಹತ್ತಿರ. ಹುಬ್ಬಳ್ಳಿ-ಪುಣೆ ವಂದೇ ಭಾರತ್ ರೈಲು 2024ರ ಸೆಪ್ಟೆಂಬರ್‌ನಲ್ಲಿ ಶುರುವಾದ ಮೇಲೆ ಇನ್ನೂ ಹತ್ತಿರ. ಅಲ್ಲಿ ಮನೆ ಕೊಳ್ಳುವವರಲ್ಲೂ, ಆ ಮನೆಗಳನ್ನು ಕಟ್ಟುವ ಕೂಲಿಕಾರರಲ್ಲೂ ನಮ್ಮವರಿದ್ದಾರೆ.

ಎರಡನೆಯದು ನದಿಯ ನಂಟು. ಮುಳಾ-ಮುಠಾ ಪುಣೆ ದಾಟಿ ಭೀಮಾ ನದಿಯನ್ನು ಸೇರುತ್ತದೆ, ಭೀಮಾ ಉಜನಿ ಜಲಾಶಯಕ್ಕೆ ಬರುತ್ತದೆ. ಅಲ್ಲಿಂದ ಹೊರಟ ಭೀಮೆ ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಹರಿದು ಕೃಷ್ಣೆಯನ್ನು ಕೂಡುತ್ತಾಳೆ. ಉಜನಿಯಿಂದ ಎಷ್ಟು ನೀರು ಬಿಟ್ಟರು ಎಂಬುದು ಅಫಜಲಪುರದ ರೈತನಿಗೆ ಮಳೆಗಾಲದ ಮುಖ್ಯ ಸುದ್ದಿ. 2020ರ ಅಕ್ಟೋಬರ್‌ನಲ್ಲಿ ಭೀಮಾ ತೀರ ನೆರೆಯಲ್ಲಿ ನಲುಗಿದ್ದು ಇನ್ನೂ ಮರೆತಿಲ್ಲ. ಕಲಬುರಗಿ ನಗರ ಕುಡಿಯುವ ನೀರಿಗೂ ಭೀಮೆಯನ್ನೇ ನೆಚ್ಚಿದೆ. ಪುಣೆಯ ಕೊಳಚೆ ಎಷ್ಟು ಶುದ್ಧವಾಗುತ್ತದೆ, ಅಣೆಕಟ್ಟಿನ ನೀರು ಯಾವಾಗ ಬಿಡುತ್ತಾರೆ ಎಂಬುದು ಹಾಗಾಗಿ ಪುಣೆಯ ಮನೆ ವಿಷಯ ಮಾತ್ರವಲ್ಲ.

ಮೂರನೆಯದು ಬೆಂಗಳೂರಿನ ಹೋಲಿಕೆ. 2007ರಲ್ಲಿ ಬಿಬಿಎಂಪಿ ರಚನೆಯಾದಾಗ 110 ಹಳ್ಳಿಗಳು ನಗರಕ್ಕೆ ಸೇರಿದವು. ಆ ಹಳ್ಳಿಗಳಿಗಾಗಿ ರೂಪಿಸಿದ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿದ್ದು 2024ರ ಅಕ್ಟೋಬರ್ 16ರಂದು. ನಡುವೆ 17 ವರ್ಷ. ಅಷ್ಟು ಕಾಲ ಟ್ಯಾಂಕರ್ ಮತ್ತು ಬೋರ್‌ವೆಲ್ಲೇ ಗತಿಯಾಗಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ ಭಾಗದ ಐಷಾರಾಮಿ ಬಡಾವಣೆಗಳೂ ಮುಳುಗಿದ್ದವು. 2020ರ ಸೆಪ್ಟೆಂಬರ್‌ನಿಂದ ಅಲ್ಲಿಯೂ ಚುನಾಯಿತ ಪಾಲಿಕೆ ಇರಲಿಲ್ಲ. ಹೆಸರು ಬದಲಿಸಿದರೆ ಪುಣೆಯ ಕಥೆ ಬೆಂಗಳೂರಿನದೇ ಕಥೆ.

ಮುಂದೇನು?

ನೆರೆಯ ನಂತರ ಕೇಳಿಬಂದ ಪರಿಹಾರಗಳಲ್ಲಿ ಮುಖ್ಯವಾದವು ಎರಡು: ನದಿ ದಂಡೆಗೆ ತಡೆಗೋಡೆ ಮತ್ತು ಹಳೆಯ ಕಟ್ಟಡಗಳ ಸಾಮೂಹಿಕ ಮರುನಿರ್ಮಾಣ. ಎರಡಕ್ಕೂ ಸಮಯ ಹಿಡಿಯುತ್ತದೆ. ಗೋಡೆ ಒಂದು ದಂಡೆಯನ್ನು ಕಾಪಾಡಬಹುದು, ಆದರೆ ಆ ನೀರು ಎದುರಿನ ದಂಡೆಗೋ ಕೆಳಗಿನ ಬಡಾವಣೆಗೋ ಹೋಗಲೇಬೇಕು. ಮರುನಿರ್ಮಾಣದಲ್ಲಿ ಅದೇ ಜಾಗಕ್ಕೆ ಇನ್ನಷ್ಟು ಮಹಡಿ, ಇನ್ನಷ್ಟು ಜನ ಬರುವುದಾದರೆ ಸಮಸ್ಯೆ ಒಂದು ಮಹಡಿ ಮೇಲೆ ಹೋಗುತ್ತದೆ, ಬಗೆಹರಿಯುವುದಿಲ್ಲ.

ಹೆಚ್ಚು ಹಣ ಬೇಡದ, ಬರುವ ಮಳೆಗಾಲಕ್ಕೇ ಮಾಡಬಹುದಾದ ಕೆಲಸಗಳಿವೆ:

* ಎಷ್ಟು ಕ್ಯುಸೆಕ್ ಬಿಟ್ಟರೆ ಯಾವ ಬೀದಿಗೆ ನೀರು ಬರುತ್ತದೆ ಎಂಬುದು ಮೂರು ನೆರೆಗಳ ಅನುಭವದಿಂದ ಈಗ ಗೊತ್ತಿದೆ. ಅದನ್ನು ಬೀದಿವಾರು ಪ್ರಕಟಿಸಬೇಕು. 'ನದಿ ಪಾತ್ರದ ಜನ ಎಚ್ಚರಿಕೆಯಿಂದಿರಿ' ಎಂಬ ಸಾಮಾನ್ಯ ಪ್ರಕಟಣೆಯಿಂದ ಮಲಗಿದ್ದವರು ಏಳುವುದಿಲ್ಲ.

* ನೀಲಿ, ಕೆಂಪು ರೇಖೆಗಳನ್ನು ಕಚೇರಿಯ ನಕ್ಷೆಯಲ್ಲಿ ಮಾತ್ರವಲ್ಲ, ನೆಲದ ಮೇಲೆ ಕಂಬ ನೆಟ್ಟು ಗುರುತಿಸಬೇಕು. ಮನೆ ಕೊಳ್ಳುವವರು ಕಣ್ಣಾರೆ ನೋಡುವಂತಿರಬೇಕು.

* ಶುದ್ಧೀಕರಿಸಿದ ನೀರು ಕೊಡುವ ಸ್ಥಿತಿ ಇಲ್ಲದ ಕಡೆ ಹೊಸ ಕಟ್ಟಡಗಳಿಗೆ ಅನುಮತಿ ತಡೆಹಿಡಿಯಬೇಕು. ನೀರಿನ ಹೊಣೆಯನ್ನು ಬಿಲ್ಡರ್‌ನ ಮುಚ್ಚಳಿಕೆ ಪತ್ರಕ್ಕೆ ಬಿಟ್ಟರೆ ಅದು ಕೊನೆಗೆ ಟ್ಯಾಂಕರ್ ಬಿಲ್ ಆಗಿ ನಿವಾಸಿಗಳ ತಲೆ ಮೇಲೆ ಬರುತ್ತದೆ.

ಪುಣೆಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ನದಿ, ಕೆರೆ, ರಾಜಕಾಲುವೆ ಹತ್ತಿರ ಮನೆ ನೋಡುತ್ತಿದ್ದರೆ ನೀವೂ ಮೂರು ಪ್ರಶ್ನೆ ಕೇಳಿ. ನೆರೆ ರೇಖೆ ಎಲ್ಲಿದೆ? ಕುಡಿಯುವ ನೀರು ಯಾವ ಘಟಕದಿಂದ ಬರುತ್ತದೆ? ಶೌಚದ ನೀರು ಎಲ್ಲಿಗೆ ಹೋಗುತ್ತದೆ? 'ರಿವರ್ ವ್ಯೂ' ಎಂದು ಚದರಡಿಗೆ ಹೆಚ್ಚು ಹಣ ಕೇಳುವವರು ಈ ಮೂರಕ್ಕೂ ಕಾಗದದಲ್ಲಿ ಉತ್ತರ ಕೊಡದಿದ್ದರೆ ಮುಂದಿನ ಮನೆ ನೋಡುವುದು ಒಳ್ಳೆಯದು.

ಪುಣೆಯಲ್ಲಿ ಈಗ ಚುನಾಯಿತ ಸದಸ್ಯರಿದ್ದಾರೆ. ಜೂನ್‌ನಲ್ಲಿ ಮಳೆ ಬರುತ್ತದೆ, ಜುಲೈ ಹೊತ್ತಿಗೆ ಖಡಕ್‌ವಾಸ್ಲಾ ತುಂಬುತ್ತದೆ. ಗೇಟು ಎತ್ತುವ ಮೊದಲು ಏಕತಾ ನಗರಿಯ ನೆಲಮಹಡಿಯವರಿಗೆ ಫೋನ್ ಹೋಗುತ್ತದೆಯೋ ಇಲ್ಲವೋ ಎಂಬುದೇ ಹೊಸ ಪಾಲಿಕೆಗೆ ಮೊದಲ ಪರೀಕ್ಷೆ.